ಕಾರ್ಡ್ ಸಾಲ ತೀರಿತು: ಲೆಕ್ಕಕ್ಕೆ ಕೈಜೋಡಿಸಿದ ಎಲ್ಲರಿಗೂ ವಂದನೆ

ಮಂಗಳೂರು, ಉಡುಪಿಯ ನಮ್ಮ ಲೆಕ್ಕದ ಕೂಟಕ್ಕೆ ಬರುತ್ತಿದ್ದ ಮನೆಗಳ ಪೈಕಿ ಕೊನೆಯ ಮನೆಯ ಕ್ರೆಡಿಟ್ ಕಾರ್ಡ್ ಬಾಕಿಯೂ ಈ ತಿಂಗಳು ಸೊನ್ನೆಗೆ ಬಂತು. ಕಾರಣರಾದವರು ಹಲವರು. ಸಾಲದ ವಿಷಯವಾದ್ದರಿಂದ ಯಾರಿಗೂ ಹೆಸರು ಹಾಕಿಸಿಕೊಳ್ಳುವ ಮನಸ್ಸಿಲ್ಲ, ಅದು ಸರಿಯೇ. ಹಾಗಾಗಿ ಯಾರಿಂದ ಯಾವ ಉಪಾಯ ಸಿಕ್ಕಿತು, ಅದು ಏಕೆ ನಡೆಯಿತು ಎಂಬುದನ್ನು ಬರೆದು ವಂದನೆ ಸಲ್ಲಿಸುತ್ತಿದ್ದೇವೆ. ಇನ್ನೂ ಸಾಲ ತೀರಿಸುತ್ತಿರುವವರಿಗೆ ಉಪಯೋಗಕ್ಕೆ ಬಂದೀತು.

ಮೊದಲ ವಂದನೆ ಅಡುಗೆಮನೆಯ ಗೋಡೆಯಿಂದ ಕ್ಯಾಲೆಂಡರನ್ನೇ ಕಳಚಿ ತಂದ ಅಮ್ಮಂದಿರಿಗೆ. ತಿಂಗಳ ಬಜೆಟ್ ಎಂದು ಹಾಕುವ ಪಟ್ಟಿಯಲ್ಲಿ ಬಾಡಿಗೆ, ಜೀನಸು, ಹಾಲು, ಪೆಟ್ರೋಲ್ ಎಲ್ಲ ಇರುತ್ತದೆ. ನಮ್ಮೂರಿನ ಮನೆಯನ್ನು ಮತ್ತೆ ಕಾರ್ಡಿನ ಕಡೆಗೆ ದೂಡುವ ಖರ್ಚು ಮಾತ್ರ ಅದರಲ್ಲಿ ಇರುವುದೇ ಇಲ್ಲ. ಏಪ್ರಿಲ್, ಮೇಯಲ್ಲಿ ಮದುವೆಗಳ ಸಾಲು. ದೀಪಾವಳಿ ಕಳೆದ ಮೇಲೆ ಮೇ ಕೊನೆಯ ಪತ್ತನಾಜೆಯವರೆಗೆ ಕುಟುಂಬದ ದೈವಗಳ ಕೋಲ, ನೇಮ, ತಂಬಿಲ, ಊರಿನ ದೇವಸ್ಥಾನದ ಬ್ರಹ್ಮಕಲಶದ ವಂತಿಗೆ. ಜೂನ್ ಬಂತೆಂದರೆ ಶಾಲೆಯ ಫೀಸು, ಪುಸ್ತಕ, ರೈನ್‌ಕೋಟು. ಆಮೇಲೆ ಅಷ್ಟಮಿ, ಚೌತಿ. ಇವು ಯಾವುವೂ ಆಕಸ್ಮಿಕವಲ್ಲ, ತಾರೀಕು ಸಮೇತ ಗೋಡೆಯ ಮೇಲೆಯೇ ನೇತಾಡುತ್ತಿರುತ್ತವೆ. ಆದರೂ ಪ್ರತಿ ವರ್ಷ ‘ಈ ಸಲ ಹೇಗೋ ಬಂತು’ ಎಂದು ಕಾರ್ಡ್ ಉಜ್ಜುತ್ತೇವೆ.

ಅವರು ಹಾಕಿಸಿದ ಲೆಕ್ಕದ ಒಂದು ಮಾದರಿ ಇಲ್ಲಿದೆ. ಮನೆಗೆ ತಿಂಗಳಿಗೆ ಕೈಗೆ ಬರುವುದು 46,000 ರೂ. ಎಂದಿಟ್ಟುಕೊಳ್ಳಿ. ಬಾಡಿಗೆ 9,000, ಜೀನಸು ಹಾಲು ಗ್ಯಾಸ್ 9,500, ಮೀನು ತರಕಾರಿ 4,000, ಕರೆಂಟು ನೀರು ಫೋನು 2,200, ಬಸ್ಸು ಪೆಟ್ರೋಲ್ 2,300, ಕೈಖರ್ಚು 1,000. ಒಟ್ಟು 28,000. ಉಳಿದದ್ದು 18,000. ಇಲ್ಲಿಗೇ ನಿಲ್ಲಿಸಿದರೆ ‘ಕಾರ್ಡಿಗೆ ತಿಂಗಳಿಗೆ 18,000 ಕಟ್ಟಬಹುದು’ ಎಂದು ಕಾಣುತ್ತದೆ. ಈಗ ವರ್ಷದ ಖರ್ಚು ಬರೆಯಿರಿ: ಶಾಲೆ 42,000, ಮದುವೆ ಉಡುಗೊರೆ ಮತ್ತು ಓಡಾಟ 18,000, ಹಬ್ಬ ಬಟ್ಟೆ 15,000, ಕೋಲ ಮತ್ತು ದೇವಸ್ಥಾನ 14,000, ಕನ್ನಡಕ ಹಲ್ಲು ಔಷಧಿ 9,000, ಸ್ಕೂಟರಿನ ವಿಮೆ ಸರ್ವಿಸು 6,000, ಊರಿನಲ್ಲಿರುವ ಪಾಲಿನ ಮನೆಯ ತೆರಿಗೆ 4,000. ಕೂಡಿದರೆ 1,08,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 9,000. ಅಂದರೆ ಕಾರ್ಡಿಗೆ ನಿಜವಾಗಿ ಸಿಗುವುದು 9,000 ಮಾತ್ರ. ಹುಮ್ಮಸ್ಸಿನಲ್ಲಿ 18,000 ಕಟ್ಟಲು ಹೊರಟ ಮನೆ ಮೇ ತಿಂಗಳಲ್ಲೇ ಕಟ್ಟಿದ್ದನ್ನೆಲ್ಲ ಮತ್ತೆ ಎಳೆದುಕೊಳ್ಳುತ್ತದೆ. ಬಜೆಟ್ ಸೋತಿತು ಎಂದು ಪುಸ್ತಕ ಮುಚ್ಚುವುದು ಆಗಲೇ.

ವರ್ಷದ ಖರ್ಚಿಗೆ ತಿಂಗಳಿಗೆ 9,000 ತೆಗೆದಿಡುವುದನ್ನು ಯಾವ ತಿಂಗಳು ಶುರು ಮಾಡುತ್ತೀರಿ ಎಂಬುದೂ ಮುಖ್ಯ. ಜುಲೈಯಲ್ಲಿ ಶುರು ಮಾಡಿದರೆ ಮುಂದಿನ ಜೂನ್ ಹೊತ್ತಿಗೆ ಉಳಿದೆಲ್ಲ ಖರ್ಚು ಕಳೆದು 42,000 ಸರಿಯಾಗಿ ಕೈಯಲ್ಲಿರುತ್ತದೆ, ಫೀಸು ಅದರಲ್ಲೇ ಮುಗಿಯುತ್ತದೆ. ಮಾರ್ಚಿನಲ್ಲಿ ಶುರು ಮಾಡಿದವರ ಹತ್ತಿರ ಮೇ ಕೊನೆಗೆ 27,000 ಮಾತ್ರ ಇರುತ್ತದೆ, ಅದರಲ್ಲೂ ಮದುವೆಗಳು ಅರ್ಧ ತಿಂದಿರುತ್ತವೆ. ಅಂಥವರು ಮೊದಲ ಮೂರು ತಿಂಗಳು ಕಾರ್ಡಿಗೆ ಬಿಲ್ಲು ಕೇಳುವ ಕನಿಷ್ಠ ಮೊತ್ತಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು ಕಟ್ಟಿ, ಫೀಸನ್ನು ಎರಡು ಕಂತಿನಲ್ಲಿ ಕಟ್ಟಲು ಶಾಲೆಯನ್ನು ಕೇಳಿ, ಜುಲೈಯಿಂದ ಜೋರು ಮಾಡುವುದು ಒಳ್ಳೆಯದು. ನಗರಸಭೆ, ಪಾಲಿಕೆಯ ಮನೆ ತೆರಿಗೆಗೆ ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಇದೆ, ಅದನ್ನು ಬಿಡಬೇಡಿ.

ಮಲ್ಪೆ ಮತ್ತು ಮಂಗಳೂರು ದಕ್ಕೆಯ (ಮೀನುಗಾರಿಕೆ ಬಂದರಿನ) ಮನೆಗಳಿಗೆ ಬೇರೆಯೇ ವಂದನೆ ಸಲ್ಲಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ, ಬೋಟಿನವರಿಗೆ ಹಿಡಿದ ಮೀನಿನ ಪಾಲು ಬರುವುದಿಲ್ಲ. ಫೀಸಿನ ತಿಂಗಳೂ ಅದೇ, ಮಳೆಗಾಲದ ಆಟಿ ತಿಂಗಳ ಬಿಗಿಯೂ ಅದರ ಬೆನ್ನಿಗೇ. ಹತ್ತು ತಿಂಗಳ ಆದಾಯವನ್ನು ಹನ್ನೆರಡು ತಿಂಗಳಿಗೆ ಹಂಚುವುದು ಅವರಿಗೆ ಮೊದಲೇ ಗೊತ್ತಿತ್ತು. ಸಂಬಳದವರಿಗೆ ವರ್ಷದ ಲೆಕ್ಕ ಕಲಿಸಿದವರು ಅವರೇ. ಪಾಲಿನ ಸರಾಸರಿ ಹಿಡಿದು ಬಜೆಟ್ ಹಾಕಬಾರದು, ಸೀಸನ್ನಿನಲ್ಲಿ ಅತಿ ಕಡಿಮೆ ಬಂದ ತಿಂಗಳನ್ನೇ ಆಧಾರ ಮಾಡಿ, ಮೇಲೆ ಬಂದದ್ದನ್ನು ಬಂದ ವಾರವೇ ಕಾರ್ಡಿಗೆ ಹಾಕಬೇಕು ಎಂದವರೂ ಅವರೇ. ಕಾರ್ಡಿನ ಬಡ್ಡಿ ದಿನದ ಬಾಕಿಯ ಮೇಲೆ ಬೀಳುವುದರಿಂದ, ತಿಂಗಳ ಕೊನೆಗೆ 10,000 ಕಟ್ಟುವುದಕ್ಕಿಂತ ವಾರವಾರ 2,500 ಹಾಕುವುದು ಲಾಭ. ಸಂಬಳದವರೂ ಗಡುವಿನ ದಿನಕ್ಕೆ ಕಾಯದೆ ಸಂಬಳ ಬಂದ ದಿನವೇ ಕಟ್ಟಬೇಕು.

ಇನ್ನು ಬಡ್ಡಿ. ನಿವೃತ್ತ ಬ್ಯಾಂಕ್ ಗುಮಾಸ್ತರೊಬ್ಬರು ಒಂದೇ ಹಾಳೆಯಲ್ಲಿ ಬರೆದುಕೊಟ್ಟ ಲೆಕ್ಕ ಎಲ್ಲರ ಬಾಯಿ ಮುಚ್ಚಿಸಿತು. ಬಾಕಿ 1,20,000, ಬಡ್ಡಿ ತಿಂಗಳಿಗೆ ಶೇ. 3.5. ಮೊದಲ ತಿಂಗಳ ಬಡ್ಡಿ 4,200. ಅದರ ಮೇಲೆ ಶೇ. 18 ಜಿಎಸ್‌ಟಿ 756. ಒಟ್ಟು 4,956. ಕನಿಷ್ಠ ಮೊತ್ತ ಶೇ. 5ರ ಲೆಕ್ಕದಲ್ಲಿ 6,000 ಕಟ್ಟಿದರೆ ಅಸಲಿಗೆ ಹೋಗುವುದು 1,044 ರೂ. ಹೊಸದಾಗಿ ಏನೂ ಉಜ್ಜದೆ ಪ್ರತಿ ತಿಂಗಳೂ 6,000 ಕಟ್ಟುತ್ತಾ ಹೋದರೆ 43 ತಿಂಗಳು ದಾಟುತ್ತದೆ, ಕಟ್ಟಿದ ಒಟ್ಟು ಹಣ ಸುಮಾರು 2,59,000. 9,000 ಕಟ್ಟಿದರೆ 20 ತಿಂಗಳು, ಸುಮಾರು 1,78,000. 12,000 ಕಟ್ಟಿದರೆ 13 ತಿಂಗಳು ಚಿಲ್ಲರೆ, ಸುಮಾರು 1,58,000. 6,000ದಿಂದ 9,000ಕ್ಕೆ ಏರುವ ಆ ಮೂರು ಸಾವಿರದಷ್ಟು ಕೆಲಸ ಮಾಡುವ ಹಣ ಮನೆಯಲ್ಲಿ ಬೇರೆ ಇಲ್ಲ. ಗ್ರಾಹಕ ಆಯೋಗ 2008ರಲ್ಲಿ ಕಾರ್ಡ್ ಬಡ್ಡಿಗೆ ಹಾಕಿದ್ದ ಶೇ. 30ರ ಮಿತಿಯನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತೆಗೆದುಹಾಕಿದೆ. ಬಡ್ಡಿ ತಾನಾಗಿ ಇಳಿದೀತು ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಬಾಕಿ ಉಳಿಸಿಕೊಂಡಿರುವ ಕಾರ್ಡಿನಲ್ಲಿ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ. ಬಹಳ ಮಂದಿಗೆ ತಿಳಿಯದೇ ಇದ್ದದ್ದು ಇದೇ. ರುಪೇ ಕಾರ್ಡನ್ನು ಯುಪಿಐಗೆ ಜೋಡಿಸಿದ್ದರೆ ಮಾರ್ಕೆಟಿನ ಬಂಗುಡೆ, ಹೋಟೆಲಿನ ಗೋಳಿಬಜೆಯೂ ಆ ಬಡ್ಡಿಯ ಲೆಕ್ಕಕ್ಕೆ ಬೀಳುತ್ತದೆ. ಮೊದಲ ದಿನವೇ ಆ ಜೋಡಣೆ ತೆಗೆಯಿರಿ. ಆನ್‌ಲೈನ್ ಅಂಗಡಿಗಳಲ್ಲಿ ಉಳಿಸಿಟ್ಟ ಕಾರ್ಡ್ ಅಳಿಸಿ. ಫಾಸ್ಟ್ಯಾಗ್, ವಿಮೆ, ಓಟಿಟಿಯ ತಾನೇ ಕಡಿತವಾಗುವ ಕಂತುಗಳನ್ನು ಉಳಿತಾಯ ಖಾತೆಗೆ ಬದಲಾಯಿಸಿ. ಈ ಸಣ್ಣ ಕೆಲಸಗಳನ್ನು ಮನೆಮನೆಯ ಮೊಬೈಲ್ ಹಿಡಿದು ಮಾಡಿಕೊಟ್ಟ ಕಾಲೇಜು ಮಕ್ಕಳಿಗೆ ವಂದನೆ.

ವರ್ಷದ ಖರ್ಚಿಗೆಂದು ತೆಗೆದಿಡುವ 9,000ವನ್ನೂ ಕಾರ್ಡಿಗೇ ಹಾಕಿ, ಜೂನ್‌ನಲ್ಲಿ ಬೇಕಾದರೆ ಮತ್ತೆ ಉಜ್ಜಬಹುದಲ್ಲ ಎಂಬ ಪ್ರಶ್ನೆ ಪ್ರತಿ ಸಲವೂ ಬರುತ್ತಿತ್ತು. ಕಾಗದದ ಮೇಲೆ ಅದು ಸರಿ, ಬಡ್ಡಿ ಉಳಿಯುತ್ತದೆ. ನಡೆಯುವಾಗ ಸರಿಯಾಗುವುದಿಲ್ಲ. ಬ್ಯಾಂಕು ಕಾರ್ಡಿನ ಮಿತಿಯನ್ನು ನಡುವೆಯೇ ಇಳಿಸಬಹುದು. ಕಾರ್ಡಿನಲ್ಲಿ ಫೀಸು ಕಟ್ಟಿದರೆ ಮೇಲೆ ಶುಲ್ಕ ಬೀಳುವುದುಂಟು. ಕೋಲದ ವಂತಿಗೆಗೂ ಮದುವೆಯ ಕವರಿಗೂ ಕಾರ್ಡ್ ನಡೆಯುವುದಿಲ್ಲ, ಆಗ ಎಟಿಎಮ್‌ನಲ್ಲಿ ಕಾರ್ಡ್ ಹಾಕಿ ನಗದು ತೆಗೆಯುತ್ತೀರಿ. ಅದಕ್ಕೆ ಬೇರೆ ಶುಲ್ಕ, ಮೊದಲ ದಿನದಿಂದ ಬಡ್ಡಿ. ಬೇರೆ ಉಳಿತಾಯ ಖಾತೆ, ಅದಕ್ಕೆ ಡೆಬಿಟ್ ಕಾರ್ಡೂ ಇಲ್ಲ ಯುಪಿಐಯೂ ಇಲ್ಲ: ಇದೇ ನಮ್ಮ ಸಲಹೆ.

ದಿನದಿನದ ಸಣ್ಣ ಉಳಿತಾಯವಾದ ಪಿಗ್ಮಿಯ ಸಂಗ್ರಹಕ್ಕೆ ಮನೆಗೆ ಬರುವ ಒಬ್ಬ ಅಣ್ಣನನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಪದ್ಧತಿ ಅದು. ನಮ್ಮಲ್ಲಿ ಪಿಗ್ಮಿ ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅವರೇ ಮುಂದೆ ಬಂದು, ‘ಅಮ್ಮ, ಕಾರ್ಡಿಗೆ ನೂರಕ್ಕೆ 42 ಕೊಡುತ್ತಾ ಇಲ್ಲಿ ಒಂದಂಕಿಯ ಬಡ್ಡಿಗೆ ಹಣ ಇಡಬೇಡಿ, ಸಾಲ ಮುಗಿದ ಮೇಲೆ ನಾನೇ ಬರುತ್ತೇನೆ’ ಎಂದರು. ಹೋದದ್ದು ಅವರ ಕಮಿಷನ್. ಅವಧಿ ಮುಗಿಯುವ ಮೊದಲು ಪಿಗ್ಮಿ ಮುರಿದರೆ ಕಡಿತವಿರುತ್ತದೆ. ಕಡಿತ ಎಷ್ಟು, ಅದೇ ಪಿಗ್ಮಿಯ ಮೇಲೆ ಸಾಲ ಸಿಗುತ್ತದೆಯೇ, ಅದರ ಬಡ್ಡಿ ಎಷ್ಟು ಎಂಬ ಮೂರನ್ನೂ ಕೇಳಿ ನೋಡಿ. ಸಾಮಾನ್ಯವಾಗಿ ಎರಡೂ ದಾರಿ ಕಾರ್ಡ್ ಬಡ್ಡಿಗಿಂತ ಅಗ್ಗ.

ಬಂಗಾರ ಅಡವಿಟ್ಟು ಕಾರ್ಡ್ ತೀರಿಸುವ ದಾರಿ ಹಿರಿಯರಿಗೆ ಹಿಡಿಸಲಿಲ್ಲ. ಲೆಕ್ಕಕ್ಕೆ ಮಾತ್ರ ಹಿಡಿಸಿತು. ಅದೇ 1,20,000ಕ್ಕೆ ವರ್ಷಕ್ಕೆ ಶೇ. 12ರ ಬಡ್ಡಿಯಲ್ಲಿ ತಿಂಗಳಿಗೆ 9,000 ಕಟ್ಟಿದರೆ 14 ತಿಂಗಳು ಚಿಲ್ಲರೆ, ಒಟ್ಟು ಬಡ್ಡಿ 9,500ರ ಒಳಗೆ. ಕಾರ್ಡಿನಲ್ಲಿ ಅದೇ ಕಂತಿಗೆ ಹೋಗುತ್ತಿದ್ದದ್ದು ಸುಮಾರು 58,000. ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕಾರ್ಡಿನ ಬಡ್ಡಿಗೆ ಇದೆ ಎಂಬ ವ್ಯತ್ಯಾಸವೂ ಸಣ್ಣದಲ್ಲ. ಎಡವುವುದು ಎರಡು ಕಡೆ. ಒಂದು, ಬಂಗಾರದ ಸಾಲ ಅನೇಕ ಕಡೆ ವರ್ಷದ ಕೊನೆಗೆ ಒಟ್ಟಿಗೆ ತೀರಿಸುವಂಥದ್ದು. ತಿಂಗಳು ತಿಂಗಳು ಅಸಲಿಗೆ ಕಟ್ಟಲು ಬಿಡುತ್ತಾರೆಯೇ ಎಂದು ಸೊಸೈಟಿಯಲ್ಲಿ ಮೊದಲೇ ಕೇಳದಿದ್ದರೆ, ಯಾರೂ ಕೇಳುವುದಿಲ್ಲವೆಂದು ಯಾರೂ ಕಟ್ಟುವುದೂ ಇಲ್ಲ. ಇನ್ನೊಂದು, ಖಾಲಿಯಾದ ಕಾರ್ಡಿನಲ್ಲಿ ಮಿತಿ ಪೂರ್ತಿ ತೆರೆದಿರುತ್ತದೆ. ಆರು ತಿಂಗಳಲ್ಲಿ ಬಂಗಾರವೂ ಅಡವು, ಕಾರ್ಡೂ ತುಂಬಿ. ಹಣ ಕಟ್ಟಿದ ದಿನವೇ ಮಿತಿಯನ್ನು 15,000ಕ್ಕೆ ಇಳಿಸಲು ಬರೆದುಕೊಡಿ. ಈ ಷರತ್ತಿಗೆ ಒಪ್ಪದವರಿಗೆ ಬಂಗಾರ ಕೊಡಬೇಡಿ ಎಂದು ಗಟ್ಟಿಯಾಗಿ ಹೇಳಿದ ಅತ್ತೆಯೊಬ್ಬರಿದ್ದಾರೆ, ಅವರಿಗೂ ವಂದನೆ.

ಎರಡು ಮೂರು ಕಾರ್ಡ್ ಇದ್ದವರು ಯಾವುದನ್ನು ಮೊದಲು ತೀರಿಸಬೇಕು? ಹೆಚ್ಚು ಬಡ್ಡಿಯದ್ದು ಮೊದಲು ಎಂಬುದು ನಿಯಮ. ಆದರೆ ಹಲವು ಸಲ ಕಾರ್ಡು ಕಾರ್ಡಿಗೆ ವ್ಯತ್ಯಾಸ ವರ್ಷಕ್ಕೆ ನೂರಕ್ಕೆ ಮೂರೋ ನಾಲ್ಕೋ ಮಾತ್ರ. ಹಾಗಿರುವಾಗ ಬಾಕಿ ಸಣ್ಣದಿರುವುದನ್ನು ಮೊದಲು ಮುಗಿಸಿ, ಒಂದು ಗಡುವು, ಒಂದು ತಡಶುಲ್ಕದ ಭಯ ಕಡಿಮೆಯಾಗುತ್ತದೆ. ಗಡುವು ಸಂಬಳಕ್ಕಿಂತ ಮೊದಲು ಬೀಳುತ್ತಿದ್ದರೆ ಬಿಲ್ಲಿನ ದಿನಾಂಕ ಬದಲಿಸಿಕೊಡಲು ಕೇಳಿ. ಕನಿಷ್ಠ ಒಂದು ಸಲವಾದರೂ ಬದಲಿಸಲು ಅವಕಾಶ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನದಲ್ಲೇ ಇದೆ.

ಕೊನೆಯ ಹಂತದಲ್ಲಿ ಹೆಚ್ಚು ಮನೆಗಳು ಸಿಕ್ಕಿಬಿದ್ದದ್ದು ಒಂದೇ ಜಾಗದಲ್ಲಿ. ಬಿಲ್ಲಿನಲ್ಲಿರುವ ಒಟ್ಟು ಮೊತ್ತ ಕಟ್ಟಿ ‘ಮುಗಿಯಿತು’ ಎಂದು ಕೂರುತ್ತಾರೆ. ಬಿಲ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬರುತ್ತದೆ. ಕೆಲವು ನೂರು ರೂಪಾಯಿ ಇರಬಹುದು. ಅದನ್ನು ನೋಡದೆ ಬಿಟ್ಟರೆ ಅದರ ಮೇಲೆ ತಡಶುಲ್ಕ, ಆಮೇಲೆ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ಗುರುತು. ಆದ್ದರಿಂದ ಫೋನ್ ಮಾಡಿ ‘ಇಂದಿನ ದಿನಕ್ಕೆ ಪೂರ್ತಿ ಮುಚ್ಚಲು ಎಷ್ಟು’ ಎಂದು ಕೇಳಿ ಕಟ್ಟಬೇಕು, ಮತ್ತೆ ಎರಡು ಬಿಲ್ಲು ಸೊನ್ನೆ ಬರುವವರೆಗೆ ತೆರೆದು ನೋಡುತ್ತಿರಬೇಕು. ಬಾಕಿ ಇಲ್ಲದ ಕಾರ್ಡನ್ನು ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂ. ಗ್ರಾಹಕರಿಗೆ ಕೊಡಬೇಕು ಎಂಬುದೂ ಅದೇ ನಿರ್ದೇಶನದಲ್ಲಿದೆ. ಬಾಕಿಯಿಲ್ಲ ಎಂಬ ಪತ್ರ ಕೇಳಿ ಪಡೆಯಿರಿ.

ಫೋನಿನಲ್ಲಿ ‘ಅರ್ಧ ಕೊಡಿ, ಸೆಟ್ಲ್ ಮಾಡುತ್ತೇವೆ’ ಎಂದವರಿಗೆ ನಮ್ಮ ಮನೆಗಳು ಒಪ್ಪಲಿಲ್ಲ. ಸೆಟಲ್ಡ್ ಎಂಬ ಗುರುತು ಕ್ರೆಡಿಟ್ ವರದಿಯಲ್ಲಿ ವರ್ಷಗಟ್ಟಲೆ ಉಳಿದು ನಾಳಿನ ಮನೆ ಸಾಲಕ್ಕೆ ಅಡ್ಡ ಬರುತ್ತದೆ. ಕೆಲಸವೇ ಹೋಗಿ ಬೇರೆ ದಾರಿಯೇ ಇಲ್ಲದವರ ಮಾತು ಬೇರೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ದೂರು ಮೊದಲು ಬ್ಯಾಂಕಿಗೇ ಬರಹದಲ್ಲಿ ಹೋಗಬೇಕು. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ದೂರು ವಿಚಾರಿಸುವ ಅಧಿಕಾರಿಯಾದ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಮಾಹಿತಿಗೆ 14448. ಆ ಅರ್ಜಿಗಳನ್ನು ತಾರೀಕು, ಬಿಲ್ಲಿನ ಪ್ರತಿ ಸಮೇತ ಒಂದೂವರೆ ಪುಟಕ್ಕೆ ಮೀರದಂತೆ ಬರೆದುಕೊಟ್ಟ ನಿವೃತ್ತ ಶಾಲಾ ಟೀಚರಿಗೆ ವಂದನೆ. ತಿಂಗಳ ಚೀಟಿಯಲ್ಲಿ ಒಟ್ಟು ಮೊತ್ತ ಮಾತ್ರ ಬರೆಯುವ ಬದಲು ಸಾಮಾನಿನ ಹೆಸರು, ತೂಕ, ದರ ಬಿಡಿಸಿ ಬರೆದುಕೊಟ್ಟ ಜೀನಸು ಅಂಗಡಿಯವರಿಗೂ ವಂದನೆ, ಅಡುಗೆಮನೆಯ ಲೆಕ್ಕ ಸರಿಯಾದದ್ದು ಆ ಚೀಟಿಗಳಿಂದಲೇ.

ಸಾಲ ತೀರಿದ ಮನೆಗಳಿಗೆ ಒಂದು ವಿನಂತಿ: ಕಾರ್ಡಿಗೆ ಹೋಗುತ್ತಿದ್ದ 9,000ವನ್ನು ಮುಂದಿನ ಆರು ತಿಂಗಳು ಮುಟ್ಟಬೇಡಿ, 54,000 ಆಗುತ್ತದೆ, ಮೇಲೆ ಹೇಳಿದ ಮನೆಗೆ ಅದು ಎರಡು ತಿಂಗಳ ಖರ್ಚಿಗೆ ಸ್ವಲ್ಪವೇ ಕಡಿಮೆ. ಪಿಗ್ಮಿ ಅಣ್ಣನಿಗೆ ಹೇಳಿ ಕಳಿಸಿದ್ದೇವೆ. ಮುಂದಿನ ತಂಡಕ್ಕೆ ಸೇರುವವರು ಎಲ್ಲ ಕಾರ್ಡುಗಳ ಕಳೆದ ಮೂರು ಬಿಲ್ಲು, ಬ್ಯಾಂಕ್ ಪಾಸ್‌ಪುಸ್ತಕ, ಮತ್ತೆ ಮನೆಯ ಕ್ಯಾಲೆಂಡರ್ ತನ್ನಿ.