ಜ್ವರ ಬಿಟ್ಟ ದಿನ

ಪ್ರೀತಿಯ ಗೆಳೆಯ,

ದೀಪಾವಳಿಯ ಬೆಳಿಗ್ಗೆ ಕುಂದಾಪುರ ಸ್ಟೇಷನ್ನಿನಲ್ಲಿ ಬೈಕ್ ನಿಲ್ಲಿಸಿಕೊಂಡು ನನಗಾಗಿ ಕಾದವನು ನೀನು. ನಾನು ಕಳುಹಿಸಿದ್ದು ಒಂದೇ ಸಾಲು, 'ಆಫೀಸಿನಲ್ಲಿ ಅರ್ಜೆಂಟ್ ಕೆಲಸ, ಬರಲಾಗಲಿಲ್ಲ' ಅಂತ. ಅದನ್ನೂ ನೀನು ಗಾಡಿ ಬಂದು ಹೋದ ಮೇಲೆಯೇ ನೋಡಿದೆಯಂತೆ. ಸಿಟ್ಟು ಬಂದದ್ದು ನ್ಯಾಯವೇ. ಆದರೆ ಅದು ಸುಳ್ಳು, ಮಾರಾಯ. ನಾನು ಆವತ್ತು ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಆಸ್ಪತ್ರೆಯಲ್ಲಿ ಸಲೈನ್ ಏರಿಸಿಕೊಂಡು ಮಲಗಿದ್ದೆ. ಅಮ್ಮನ ಕಿವಿಗೆ ಬೀಳಬಾರದು ಅಂತ ನಿನಗೂ ಹೇಳಲಿಲ್ಲ. ನಿನ್ನೆ ಅಮ್ಮನಿಗೆ ಎಲ್ಲ ಹೇಳಿದ್ದೇನೆ. ಇವತ್ತು ನಿನಗೆ.

ಈ ಸಲದ ಹಬ್ಬಕ್ಕೆ ಎಷ್ಟು ಆಸೆ ಇಟ್ಟುಕೊಂಡಿದ್ದೆ ಅಂತ ನಿನಗೆ ಗೊತ್ತಿದೆ. 60 ದಿನ ಮೊದಲೇ ಬೆಳಿಗ್ಗೆ 8 ಗಂಟೆಗೆ ಮೊಬೈಲ್ ಹಿಡಿದು ಕೂತು ಮತ್ಸ್ಯಗಂಧ ರೈಲಿನಲ್ಲಿ ಟಿಕೆಟ್ ಹಿಡಿದದ್ದು. ನೀರು ತುಂಬುವ ಹಬ್ಬದ ಮಧ್ಯಾಹ್ನ ಠಾಣೆಯಲ್ಲಿ ಹತ್ತಿದರೆ ಮಾರನೆಯ ಬೆಳಿಗ್ಗೆ ಊರು, ಎಣ್ಣೆಸ್ನಾನ, ಮತ್ತೆ ಬಲಿಯೇಂದ್ರನ ದಿನ ನಿನ್ನ ಜತೆ ಗದ್ದೆಗೆ ದೀಪ ಇಟ್ಟು ಕೂ ಹಾಕುವುದು. ನನ್ನ ಹೆಂಡತಿ, ಮಗಳು ರಜೆ ಸಿಕ್ಕ ಕೂಡಲೇ ತವರಿಗೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬನೇ.

ಹೊರಡಲು ನಾಲ್ಕು ದಿನ ಇರುವಾಗ ಲೋಕಲ್‌ನಲ್ಲಿ ನಿಂತಲ್ಲೇ ಚಳಿ ಹಿಡಿಯಿತು. ಮನೆ ಮುಟ್ಟುವಷ್ಟರಲ್ಲಿ 103 ಡಿಗ್ರಿ. ಕಣ್ಣುಗುಡ್ಡೆಯ ಹಿಂದೆ ಯಾರೋ ಒತ್ತಿ ಹಿಡಿದ ಹಾಗೆ ನೋವು, ಸೊಂಟದಲ್ಲಿ ಎಲುಬು ಕಡಿಯುವ ನೋವು. ಹೇಗಾದರೂ ಹಬ್ಬದೊಳಗೆ ಗುಣ ಆಗಬೇಕು ಅಂತ ಮೆಡಿಕಲ್‌ನಿಂದ ಜೋರಿನ ನೋವಿನ ಮಾತ್ರೆ ತಂದು ಎರಡು ದಿನ ನುಂಗಿದೆ. ಅದರಲ್ಲಿ ಐಬುಪ್ರೊಫೆನ್ ಇತ್ತು. ಡೆಂಗ್ಯೂ ಇರಬಹುದಾದ ಜ್ವರಕ್ಕೆ ಅದನ್ನೂ ಆಸ್ಪಿರಿನ್ನನ್ನೂ ಮುಟ್ಟಬಾರದು, ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತವೆ, ಪ್ಯಾರಾಸಿಟಮಾಲ್ ಒಂದೇ ಸಾಕು ಅಂತ ಡಾಕ್ಟರು ಆಮೇಲೆ ಗದರಿದರು. ಮೂರನೆಯ ದಿನ ಎನ್‌ಎಸ್1 ಪರೀಕ್ಷೆಯಲ್ಲಿ ಡೆಂಗ್ಯೂ ಅಂತಲೇ ಬಂತು. ಪ್ಲೇಟ್‌ಲೆಟ್ 1,12,000. ದಿನಾ ರಕ್ತ ನೋಡಿಸಿ, ನೀರು ಕುಡಿಯುತ್ತಾ ಇರಿ ಅಂದರು. ಹೆಂಡತಿಗೆ ಬರೀ ಶೀತಜ್ವರ ಅಂದೆ.

ಈಗ ಬರೆಯುವುದನ್ನು ಗಮನ ಇಟ್ಟು ಓದು. ಹೊರಡುವ ದಿನ ಬೆಳಿಗ್ಗೆ ಎದ್ದಾಗ ಜ್ವರ ಇರಲಿಲ್ಲ. ಮೈ ತಣ್ಣಗೆ, ತಲೆ ಹಗುರ. ದೇವರು ದೊಡ್ಡವನು ಅಂದುಕೊಂಡು ಬ್ಯಾಗ್ ತುಂಬಿದೆ. ಅಮ್ಮನಿಗೆ ತೆಗೆದ ಸೀರೆ, ನಿನ್ನ ಮಕ್ಕಳಿಗೆ ತೆಗೆದ ಅಂಗಿ ಎಲ್ಲ ಇಟ್ಟೆ. ಹಲ್ಲುಜ್ಜುವಾಗ ಉಗುಳಿದ ನೊರೆ ಗುಲಾಬಿ ಬಣ್ಣಕ್ಕಿತ್ತು. ಬ್ರಷ್ ತಾಗಿರಬೇಕು ಅಂದುಕೊಂಡೆ. ಪ್ಯಾಂಟ್ ಹಾಕುವಾಗ ನೋಡಿದರೆ ಮೊಣಕಾಲ ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕಿಗಳು. ಬೆರಳಲ್ಲಿ ಒತ್ತಿದರೂ ಮಾಸಲಿಲ್ಲ. ಹೊಟ್ಟೆಯ ಬಲಗಡೆ ಒಂದು ಸಣ್ಣ ನೋವು ಬೇರೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎದುರುಮನೆಯ ಕಾಕು ಊರಿಗೆ ಒಯ್ಯಲೆಂದು ಹಬ್ಬದ ತಿಂಡಿಯ, ಅಂದರೆ ಫರಾಳದ ಡಬ್ಬಿ ಹಿಡಿದು ಬಂದರು. ಚಕ್ಕುಲಿ, ಕರಂಜಿ, ಶಂಕರಪಾಳಿ. ಬಾಗಿಲಲ್ಲೇ ನನ್ನ ಮುಖ ನೋಡಿ ಡಬ್ಬಿ ಕೆಳಗಿಟ್ಟರು. ಅವರ ತಮ್ಮನಿಗೆ ಡೆಂಗ್ಯೂ ಆದಾಗಲೂ ಜ್ವರ ಬಿಟ್ಟ ದಿನವೇ ಕೆಟ್ಟದ್ದಂತೆ. 'ರೈಲು ಇವತ್ತಲ್ಲ ನಾಳೆ ಸಿಗುತ್ತದೆ, ಮೊದಲು ರಕ್ತ ಕೊಟ್ಟು ಬಾ' ಅಂತ ಮರಾಠಿಯಲ್ಲಿ ಬೈದು, ತಮ್ಮ ಗಂಡ ಕಾಕಾರನ್ನು ನನ್ನ ಜತೆ ರಿಕ್ಷಾದಲ್ಲಿ ಕೂರಿಸಿದರು. ಹಬ್ಬ ಅಂತ ಎರಡು ಲ್ಯಾಬ್ ಮುಚ್ಚಿದ್ದವು. ಸ್ಟೇಷನ್ ಹತ್ತಿರದ ಮೂರನೆಯದರಲ್ಲಿ ಕೊಟ್ಟೆವು. ರಿಪೋರ್ಟ್ ಬಂದಾಗ ನನ್ನ ಗಾಡಿಯ ಚಾರ್ಟ್ ಆಗಿಹೋಗಿತ್ತು, ಟಿಕೆಟಿನ ದುಡ್ಡು ಹೋಯಿತು. ಪ್ಲೇಟ್‌ಲೆಟ್ 34,000.

ಡೆಂಗ್ಯೂವಿನಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಗಂಡಾಂತರದ್ದು ಅಂತ ಡಾಕ್ಟರು ವಿವರಿಸಿದರು. ಆಗ ರಕ್ತನಾಳದಿಂದ ನೀರಿನಂಶ ಸೋರಿ ಹೋಗುತ್ತದೆ, ರಕ್ತ ಮಂದವಾಗುತ್ತದೆ, ಬಿಪಿ ಬೀಳುತ್ತದೆ. ಅವರು ಪ್ಲೇಟ್‌ಲೆಟ್‌ಗಿಂತ ಹೆಚ್ಚಾಗಿ ರಕ್ತ ಎಷ್ಟು ಮಂದವಾಗಿದೆ ಅಂತ ತೋರಿಸುವ ಹೆಮಟೋಕ್ರಿಟ್ ಅನ್ನುವುದನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ಪ್ಲೇಟ್‌ಲೆಟ್ ಕೊಡುವವರನ್ನು ಹುಡುಕಲು ಕಾಕಾ ಫೋನು ಹಿಡಿದಿದ್ದರು, ದೊಡ್ಡ ರಕ್ತಸ್ರಾವ ಇಲ್ಲದಿದ್ದರೆ ಬೇಡ ಅಂತ ಡಾಕ್ಟರೇ ಅಂದರು. ಕೊಡಲೂ ಇಲ್ಲ. ಮಾರನೆಯ ದಿನ 27,000ಕ್ಕೆ ಇಳಿದು, ಆಮೇಲೆ ತಾನಾಗಿಯೇ ಏರಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಗಾಡಿ ರತ್ನಾಗಿರಿ ಹತ್ತಿರ ಇರಬೇಕು, 6.5 ಕಿಲೋಮೀಟರಿನ ಕರ್ಬುಡೆ ಸುರಂಗದ ಒಳಗಿರಬೇಕು ಅಂತ ಲೆಕ್ಕ ಹಾಕುತ್ತಾ ಮಲಗಿದ್ದೆ. ಅಲ್ಲಿ ಮೇಲಿನ ಬರ್ತಿನಲ್ಲಿ ನನಗೆ ಬಿಪಿ ಬಿದ್ದಿದ್ದರೆ, ನಿದ್ದೆ ಹೋಗಿದ್ದಾನೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಿದ್ದರು. ನೀನು ಕಾಯುತ್ತಿದ್ದ ಸ್ಟೇಷನ್ನಿಗೆ ನಾನು ಹೇಗೆ ಬಂದು ಸೇರುತ್ತಿದ್ದೆನೋ.

ಅಮ್ಮನ ಫೋನ್ ಬಂದದ್ದು ಅದೇ ರಾತ್ರಿ. 'ಹಂಡಿಗೆ ನೀರ್ ತುಂಬ್ಸಿ ಇಟ್ಟಿದ್ದೆ, ನೀ ಬತ್ತಿಲ್ಯಾ ಮಗಾ?' ಅಂದರು. ಈ ವಯಸ್ಸಿನಲ್ಲಿ ಒಬ್ಬರೇ ಹಂಡೆ ತಿಕ್ಕಿ, ಬಿಳಿ ಶೇಡಿಮಣ್ಣಿನಲ್ಲಿ ಗೆರೆ ಎಳೆದು, ಬಾವಿಯಿಂದ ಸೇದಿ ತುಂಬಿಸಿದ ನೀರು ಅದು. ಆಫೀಸು ಅಂದೆ. ಸೂಜಿ ಚುಚ್ಚಿದ ಕೈ ಉರಿಯುತ್ತಿತ್ತು, ಅದಕ್ಕಿಂತ ಆ ಸುಳ್ಳು ಉರಿಯಿತು. ಬೆಳಗಿನ ಜಾವ ಪಟಾಕಿ ಶುರುವಾದಾಗ ಕಾಕು ಸ್ನಾನ ಮುಗಿಸಿ ಸೀದಾ ಆಸ್ಪತ್ರೆಗೆ ಗಂಜಿ ತಂದರು. ಅವರ ಕೈಗೆ ಹಬ್ಬದ ಸ್ನಾನಕ್ಕೆ ಹಚ್ಚುವ ಉಟ್ನೆ ಪುಡಿಯ ಪರಿಮಳ ಇತ್ತು. ಅಭ್ಯಂಜನ ಇಲ್ಲದ ನನ್ನ ದೀಪಾವಳಿಗೆ ಅದೇ ಪರಿಮಳ. ನನ್ನನ್ನು ಕಚ್ಚಿದ ನುಸಿ ಅವರ ಮೊಮ್ಮಗುವನ್ನೂ ಕಚ್ಚೀತು ಅನ್ನುವ ಭಯ ನನಗಿತ್ತು, ಸೊಳ್ಳೆಪರದೆ ಕಟ್ಟಿ ಅಂತ ಕೈ ಹಿಡಿದು ಬೇಡಿಕೊಂಡೆ. ಸಂಜೆಗೆ ಹೆಂಡತಿ ಮಗಳನ್ನು ತವರಲ್ಲೇ ಬಿಟ್ಟು ಸಿಕ್ಕ ಬಸ್ಸಿಗೆ ಹೊರಟಳು.

ಮನೆಗೆ ಬಂದ ಮೇಲೆ ಅವಳು ಫ್ರಿಜ್ ಸರಿಸಿ ಹಿಂದಿನ ತಟ್ಟೆ ಎಳೆದಳು. ತಿಳಿನೀರು, ಅದರಲ್ಲಿ ಕೊಂಕಿ ಕೊಂಕಿ ಈಜುವ ಮರಿಗಳು. ನನಗೆ ಕಚ್ಚಿದ್ದು ಇಲ್ಲಿಯದೋ ಆಫೀಸಿನದೋ ಯಾರು ಬಲ್ಲರು. ಆದರೆ ಈ ನುಸಿಗೆ ಚರಂಡಿ ಬೇಡ, ನಾಲ್ಕು ಚಮಚ ಶುದ್ಧ ನೀರು ಸಾಕು. ಕಚ್ಚುವುದೂ ಹಗಲು ಹೊತ್ತಿನಲ್ಲಿ.

ಅದಕ್ಕೇ ನಿನ್ನಲ್ಲಿ ಒಂದು ಕೇಳಿಕೊಳ್ಳುತ್ತೇನೆ. ಒಮ್ಮೆ ಅಮ್ಮನ ಮನೆಗೆ ಹೋಗು. ಬಚ್ಚಲು ಕೊಟ್ಟಿಗೆಯ ಹಿಂದೆ ತೆಂಗಿನ ಗೆರಟೆ, ಅಡಿಕೆ ಹಾಳೆ, ನನ್ನ ಹಳೇ ಸ್ಕೂಟರಿನ ಟಯರು ಬಿದ್ದಿವೆ. ಎಲ್ಲ ಮಗುಚಿ ಹಾಕು. ಹಂಡೆಯ ನೀರು ಇನ್ನೂ ಹಾಗೇ ಇದ್ದರೆ ಚೆಲ್ಲಿಸು. ಮಗ ಬರಲಿ ಅಂತ ಇಟ್ಟುಕೊಂಡಿರುತ್ತಾರೆ, ನಾನು ಹೇಳಿದೆ ಅಂತ ಹೇಳು.

ನನಗೆ ಇನ್ನೂ ಎರಡು ಮಹಡಿ ಹತ್ತಿದರೆ ಏದುಸಿರು. ಡೆಂಗ್ಯೂವಿನಲ್ಲಿ ನಾಲ್ಕು ಬಗೆ ಇದೆಯಂತೆ, ಇನ್ನೊಂದು ಬಗೆ ತಗುಲಿದರೆ ಮೊದಲಿಗಿಂತ ಜೋರಾಗಬಹುದಂತೆ, ಹಾಗಾಗಿ ಹೆಂಡತಿ ಹಗಲಲ್ಲೂ ಕಿಟಕಿ ತೆರೆಯಲು ಬಿಡುತ್ತಿಲ್ಲ. ರಜೆ ಎಲ್ಲ ಹಾಸಿಗೆಯಲ್ಲೇ ಮುಗಿಯಿತು. ಸಂಕ್ರಾಂತಿಗೆ ಎರಡು ದಿನ ಕೇಳಿದ್ದೇನೆ. ಮಾರಣಕಟ್ಟೆ ಜಾತ್ರೆಗೆ ಹೆಮ್ಮಾಡಿಯ ಸೇವಂತಿಗೆ ಹಿಡಿದು ನಿನ್ನ ಬೈಕಿನಲ್ಲೇ ಹೋಗೋಣ. ಅಮ್ಮನ ಹೆಸರಲ್ಲೂ ಕಾಕುವಿನ ಹೆಸರಲ್ಲೂ ಹೂ ಕೊಡಬೇಕು. ಸ್ಟೇಷನ್ನಿಗೆ ಬರುತ್ತೀಯಲ್ಲ?

ನಿನ್ನ ಗೆಳೆಯ