ಆ ಫೋಟೋದ ಜೊತೆ ನೀರಿನ ಚಳಿಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನಾರ್ವೆಯ ಲೋಫೋಟೆನ್ ದ್ವೀಪಗಳ ಚಳಿಗಾಲದ ಸರ್ಫಿಂಗ್ (ಬೋರ್ಡ್ ಮೇಲೆ ನಿಂತು ಅಲೆ ಏರುವ ಆಟ) ಬಗ್ಗೆ ಬಂದ ಲೇಖನ ಓದಿದೆ. ಕನ್ನಡದಲ್ಲಿ ಇದನ್ನೆಲ್ಲ ಬರೆಯುತ್ತಿದ್ದೀರಲ್ಲ ಎಂದು ಖುಷಿಯಾಯಿತು. ಹಿಮ ಹೊತ್ತ ಬೆಟ್ಟ, ಹಸಿರು ಬೆಳಕು ಆಡುವ ಆಕಾಶ, ಬೋರ್ಡ್ ಹಿಡಿದು ನಿಂತ ಹುಡುಗಿ, ಫೋಟೋ ನಿಜಕ್ಕೂ ಚೆನ್ನಾಗಿತ್ತು. ಆದರೆ ನೀರು ಎಷ್ಟು ತಣ್ಣಗಿರುತ್ತದೆ ಅನ್ನೋದು ಇಡೀ ಪುಟದಲ್ಲಿ ಎಲ್ಲೂ ಇರಲಿಲ್ಲ. ಧೈರ್ಯ ಇದ್ದವರು ಯಾರು ಬೇಕಾದರೂ ಇಳಿಯಬಹುದು ಅನ್ನೋ ಹಾಗಿತ್ತು. ಅವತ್ತೇ ಸಂಜೆ ಮೂಲ್ಕಿಯಿಂದ ನನ್ನ ಚಿಕ್ಕಮ್ಮನ ಮಗ ಆ ಪುಟ ಕಳಿಸಿ, 'ಅಣ್ಣ, ಜನವರಿಯಲ್ಲಿ ಬರ್ತೇನೆ, ನನಗೆ ಸರ್ಫಿಂಗ್ ಬರುತ್ತೆ ಅಲ್ವಾ, ಒಂದು ಬೋರ್ಡ್ ಬಾಡಿಗೆಗೆ ಸಿಕ್ಕಿದ್ರೆ ಸಾಕು' ಎಂದು ಬರೆದ. ಅದಕ್ಕೇ ಈ ಪತ್ರ.

ನಾನು ಕೆಲಸಕ್ಕೆಂದು ಟ್ರಾಂಡ್‌ಹೈಮ್‌ನಲ್ಲಿದ್ದೇನೆ. ಲೇಖನದಲ್ಲಿದ್ದ ಉನ್‌ಸ್ಟಾಡ್‌ಗೆ ಎರಡು ಚಳಿಗಾಲ ಹೋಗಿದ್ದೇನೆ. ವೆಸ್ಟ್‌ವೊಗೊಯ್ ದ್ವೀಪದ ಒಂದು ಪುಟ್ಟ ಹಳ್ಳಿ ಅದು. ಸುತ್ತ ಬೆಟ್ಟ, ಎದುರಿಗೆ ಕಡಲು, ದಡದಲ್ಲಿ ಉರುಟು ಕಲ್ಲುಗಳು. 68 ಡಿಗ್ರಿ ಉತ್ತರ ಅಕ್ಷಾಂಶ. ಡಿಸೆಂಬರ್ ಮೊದಲ ವಾರದಿಂದ ಜನವರಿ ಮೊದಲ ವಾರದವರೆಗೆ ಸೂರ್ಯ ಹುಟ್ಟೋದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಲವು ಗಂಟೆ ನೀಲಿಯ ಮಬ್ಬು ಬೆಳಕು ಬರುತ್ತದೆ, ಅಷ್ಟರಲ್ಲೇ ನೀರಿಗಿಳಿದು ವಾಪಸ್ ಬರಬೇಕು. ಇಷ್ಟು ಉತ್ತರದಲ್ಲಿ ಗ್ರೀನ್‌ಲ್ಯಾಂಡಿನ ಪೂರ್ವಕ್ಕೆ ಕಡಲಿನ ಮೇಲೆ ಮಂಜುಗಡ್ಡೆ ತೇಲುತ್ತಿರುತ್ತದೆ. ಇಲ್ಲಿ ಮಾತ್ರ ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ನಾರ್ವೆಯ ಕರಾವಳಿಗುಂಟ ಹರಿಯೋದರಿಂದ ನೀರು ಹೆಪ್ಪುಗಟ್ಟುವುದಿಲ್ಲ. ಬೆಚ್ಚನೆ ಅಂದರೆ 5 ಡಿಗ್ರಿ ಆಸುಪಾಸು, ಅಷ್ಟೇ. ಆದರೂ ಜನ ಚಳಿಗಾಲದಲ್ಲೇ ಬರುತ್ತಾರೆ, ಯಾಕೆಂದರೆ ದೊಡ್ಡ ಅಲೆ ಕಳಿಸುವ ಬಿರುಗಾಳಿಗಳು ಏಳೋದು ಆಗಲೇ. ಬೇಸಿಗೆಯಲ್ಲಿ ಕಡಲು ಎಷ್ಟೋ ದಿನ ಸುಮ್ನೆ ಮಲಗಿರುತ್ತದೆ.

ನಮ್ಮೂರಲ್ಲಿ ಚಡ್ಡಿ ಹಾಕಿಕೊಂಡು ಕಡಲಿಗೆ ಇಳಿದವರಿಗೆ 5 ಡಿಗ್ರಿ ಅಂದರೆ ಏನೂ ಅನ್ನಿಸೋದಿಲ್ಲ. ನನಗೂ ಅನ್ನಿಸಿರಲಿಲ್ಲ. ಅಷ್ಟು ತಣ್ಣನೆಯ ನೀರು ಮೈಗೆ ತಾಗಿದ ಕೂಡಲೇ ಬಾಯಿ ತಾನಾಗಿ ತೆರೆದು ಉಸಿರು ಒಳಗೆ ಎಳೆದುಕೊಳ್ಳುತ್ತದೆ, ಅದನ್ನು ತಡೆಯೋಕೆ ಆಗಲ್ಲ, ಆ ಹೊತ್ತಿಗೆ ತಲೆ ನೀರೊಳಗಿದ್ದರೆ ಉಸಿರಿನ ಜಾಗದಲ್ಲಿ ನೀರೇ ಒಳಗೆ ಹೋಗುತ್ತದೆ. ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಸಂಶೋಧಕರು ಇದಕ್ಕೆ 1-10-1 ಅನ್ನೋ ಲೆಕ್ಕ ಹೇಳಿದ್ದಾರೆ. ಮೈಗಂಟುವ ರಬ್ಬರ್ ಸೂಟ್ (ವೆಟ್‌ಸೂಟ್) ಇಲ್ಲದೆ ಬಿದ್ದವರಿಗೆ ಉಸಿರು ಹತೋಟಿಗೆ ಬರೋಕೆ 1 ನಿಮಿಷ. ಕೈಕಾಲು ಮಾತು ಕೇಳೋದು 10 ನಿಮಿಷ. ಪ್ರಜ್ಞೆ ತಪ್ಪೋಕೆ ಸುಮಾರು 1 ಗಂಟೆ. ಅಂದರೆ ಮೈ ಪೂರ್ತಿ ತಣ್ಣಗಾಗುವ ಎಷ್ಟೋ ಮೊದಲೇ, ಕೈ ಆಡದೆ ಮುಳುಗುವವರಿದ್ದಾರೆ. ಈಜು ಚೆನ್ನಾಗಿ ಬರುತ್ತದೆ ಅನ್ನೋದು ಅಲ್ಲಿ ಜಾಸ್ತಿ ಉಪಯೋಗಕ್ಕೆ ಬರಲ್ಲ.

ಹಾಗಾಗಿ ಎಲ್ಲವೂ ಸೂಟ್ ಮೇಲೆ ನಿಂತಿದೆ. ಚಳಿಗಾಲಕ್ಕೆ 6 ಮಿಲಿಮೀಟರ್ ದಪ್ಪದ, ತಲೆಗೂ ಸೇರಿ ಹೊಲಿದ ವೆಟ್‌ಸೂಟ್, ದಪ್ಪ ಬೂಟು, ಕೈಗವಸು ಬೇಕು. ಒಳಗೆ ಸಿಕ್ಕಿಕೊಂಡ ನೀರು ಬಿಸಿಯಾಗಿ ಮೈ ಕಾಯುತ್ತದೆ ಅಂತ ಜಾಸ್ತಿ ಜನ ಹೇಳುತ್ತಾರೆ. ನಿಜವಾಗಿ ಕಾಯೋದು ನಿಯೊಪ್ರೀನ್ ರಬ್ಬರಿನೊಳಗಿನ ಸಣ್ಣ ಸಣ್ಣ ಗಾಳಿಗುಳ್ಳೆಗಳು. 1950ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಕಂಡುಕೊಂಡದ್ದು ಇದನ್ನೇ. ಒಳಗೆ ನೀರು ನುಗ್ಗಿ ಬದಲಾಗುತ್ತಲೇ ಇದ್ದರೆ ಯಾವ ರಬ್ಬರೂ ಕಾಪಾಡಲ್ಲ. ಮೊದಲ ಸಲ ನಾನು ಬಾಡಿಗೆಗೆ ತಂದ ಸೂಟ್ ಕುತ್ತಿಗೆ ಹತ್ತಿರ ಸಡಿಲವಿತ್ತು. ನೋಡಿ ಕೊಟ್ಟವರೂ ಇಲ್ಲ, ನಾನೂ ಕೇಳಲಿಲ್ಲ. ಪ್ರತಿ ಅಲೆಗೂ ಬೆನ್ನಿನುದ್ದಕ್ಕೂ ನೀರು ಇಳಿಯುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಬೆರಳು ಮರಗಟ್ಟಿ, ಬೋರ್ಡಿನ ಅಂಚು ಕೈಯಲ್ಲಿದೆಯೋ ಇಲ್ಲವೋ ಗೊತ್ತಾಗದ ಹಾಗಾಯಿತು. ಪಕ್ಕದಲ್ಲಿದ್ದ ಸ್ಥಳೀಯ ಹೆಂಗಸೊಬ್ಬರು ನನ್ನ ಮುಖ ನೋಡಿ, ಒಂದೇ ಒಂದು ಮಾತಾಡದೆ, ದಡದವರೆಗೂ ಜೊತೆಗೇ ಬಂದರು. ಬೋರ್ಡಿಗೆ ಕಟ್ಟಿದ ಕಾಲಿನ ಹಗ್ಗ ಬಿಚ್ಚಿದ್ದೂ ಅವರೇ. ಅವರನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಹೆದರಿಸೋಕೆ ಇದನ್ನೆಲ್ಲ ಹೇಳುತ್ತಿಲ್ಲ. 1963ರಲ್ಲಿ ಥೋರ್ ಫ್ರಾನ್ಟ್ಸೆನ್ ಮತ್ತು ಹಾನ್ಸ್ ಎಗಿಲ್ ಕ್ರಾನೆ ತಾವೇ ಬೋರ್ಡ್ ಮಾಡಿಕೊಂಡು ಉನ್‌ಸ್ಟಾಡ್‌ನ ಅಲೆ ಏರಿದರು. ಅಲ್ಲಿಂದ ಶುರುವಾದದ್ದು ಇವತ್ತು ಲೋಕದ ಸರ್ಫರ್‌ಗಳನ್ನೆಲ್ಲ ಕರೆಯುತ್ತಿದೆ. ನಮ್ಮ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯುತ್ತದೆ, ನಮ್ಮ ಹುಡುಗರೂ ಹುಡುಗಿಯರೂ ಒಂದು ದಿನ ಉನ್‌ಸ್ಟಾಡ್‌ನಲ್ಲಿ ನಿಲ್ಲಬೇಕು ಅನ್ನೋ ಆಸೆ ನನಗೆ ತುಂಬಾ ಇದೆ. ಅವರು ಓದೋದು ನಿಮ್ಮ ಪತ್ರಿಕೆಯನ್ನೇ. ಮುಂದಿನ ಸಲ ಇಂಥ ಫೋಟೋ ಹಾಕಿದಾಗ ನೀರಿನ ಡಿಗ್ರಿ, ಸೂಟಿನ ದಪ್ಪ, ಒಬ್ಬರೇ ಇಳಿಯಬಾರದು, ನಡುಕ ಶುರುವಾಗುವ ಮೊದಲೇ ಮೇಲೆ ಬರಬೇಕು ಅನ್ನೋ ನಾಲ್ಕು ಸಾಲು ದಯವಿಟ್ಟು ಸೇರಿಸಿ.

ತಮ್ಮನಿಗೆ ಜನವರಿ ಬೇಡ, ಸೆಪ್ಟೆಂಬರ್‌ನಲ್ಲಿ ಬಾ ಎಂದಿದ್ದೇನೆ. ಆಗ ನೀರು ಅಷ್ಟೊಂದು ತಣ್ಣಗಿರಲ್ಲ, ಹಗಲೂ ಉದ್ದ, ಲೋಫೋಟೆನ್ ಮಾಸ್ಟರ್ಸ್ ಸ್ಪರ್ಧೆಯೂ ಆ ಹೊತ್ತಿಗೇ ಇರುತ್ತದೆ. ಅವನಿನ್ನೂ ಒಪ್ಪಿಲ್ಲ. ಈ ಪತ್ರ ಪ್ರಕಟವಾದರೆ ಅವನಿಗೆ ಕಳಿಸುತ್ತೇನೆ.

ಇಂತಿ,
ಮೂಲ್ಕಿಯ ಒಬ್ಬ ಓದುಗ
ಟ್ರಾಂಡ್‌ಹೈಮ್, ನಾರ್ವೆ