ಮಿತ್ಸುಯಿಗೆ ಹೊರಟಿರುವ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಜಪಾನಿನ ವ್ಯಾಪಾರಿ ಕಂಪನಿ ಮಿತ್ಸುಯಿಯಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ನಿಮ್ಮಪ್ಪ ಫೋನ್ ಮಾಡಿದ್ದ. ತುಂಬಾ ಖುಷಿಯಾಯಿತು. "ಅವರು ಏನನ್ನೂ ತಯಾರಿಸೋದಿಲ್ಲ, ಬರೀ ದಲ್ಲಾಳಿ ಕೆಲಸ ಅಲ್ವಾ ದೊಡ್ಡಪ್ಪ?" ಎಂದು ನೀನು ಕೇಳಿದ್ದಕ್ಕೆ ಈ ಕಾಗದ.

1673ರಲ್ಲಿ ಮಿತ್ಸುಯಿ ತಕತೋಶಿ ಎಡೊದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಎಚಿಗೊಯಾ ಎಂಬ ಬಟ್ಟೆ ಅಂಗಡಿ ತೆರೆದ. ಆಗ ವರ್ತಕರು ಶ್ರೀಮಂತರ ಮನೆಗೇ ರೇಷ್ಮೆ ಒಯ್ದು ಸಾಲಕ್ಕೆ ಮಾರುತ್ತಿದ್ದರು. ವರ್ಷಕ್ಕೆ ಒಂದೆರಡು ಸಲ ಲೆಕ್ಕ ಚುಕ್ತಾ. ಬಡ್ಡಿ ಬೆಲೆಯೊಳಗೇ ಸೇರಿರುತ್ತಿತ್ತು. ತಕತೋಶಿ ನಗದು ಕೇಳಿದ. ಎಲ್ಲರಿಗೂ ಒಂದೇ ಬೆಲೆ, ಚೌಕಾಸಿ ಇಲ್ಲ, ಬೇಕಾದಷ್ಟೇ ಬಟ್ಟೆ ಕತ್ತರಿಸಿ ಕೊಡುತ್ತಿದ್ದ. ಸಾಮಾನ್ಯ ಜನ ಮುಗಿಬಿದ್ದರು. ವ್ಯಾಪಾರದಲ್ಲಿ ನಂಬಿಕೆ ಹೇಗೆ ಹುಟ್ಟುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆ ಮನೆತನದ ಹೆಸರಿನ, ನೀನು ಈಗ ಸೇರುತ್ತಿರುವ ವ್ಯಾಪಾರಿ ಕಂಪನಿ ಮಿತ್ಸುಯಿ ಬುಸ್ಸಾನ್ ಹುಟ್ಟಿದ್ದು 1876ರಲ್ಲಿ. 1893ರಲ್ಲೇ ಹತ್ತಿಗಾಗಿ ಮುಂಬೈಗೆ ಬಂದರು. ಎರಡನೇ ಮಹಾಯುದ್ಧದ ನಂತರ, 1947ರಲ್ಲಿ, ಅಮೆರಿಕನ್ನರು ಅದನ್ನು ಇನ್ನೂರಕ್ಕೂ ಹೆಚ್ಚು ಚೂರು ಮಾಡಿದರು. 1959ರ ಹೊತ್ತಿಗೆ ಮುಖ್ಯ ಚೂರುಗಳು ಮತ್ತೆ ಒಂದಾದವು.

ಈಗ ನಿನ್ನ ಪ್ರಶ್ನೆ. ಉಕ್ಕಿನ ಕಾರ್ಖಾನೆಗೆ ಅದಿರು ಬೇಕು ಅನ್ನು. ಇವರು ಆಸ್ಟ್ರೇಲಿಯಾದ ಗಣಿಯಲ್ಲೇ ಪಾಲು ತೆಗೆದುಕೊಳ್ಳುತ್ತಾರೆ. ಹಡಗು ಗೊತ್ತುಮಾಡುತ್ತಾರೆ, ಸಾಲ ಹೊಂದಿಸುತ್ತಾರೆ, ಕೊಳ್ಳುವವರೊಂದಿಗೆ ವರ್ಷಗಟ್ಟಲೆ ಒಪ್ಪಂದ ಮಾಡಿಕೊಳ್ಳುತ್ತಾರೆ. ನಮ್ಮ ಚಿತ್ರದುರ್ಗದಲ್ಲೂ ಅದಿರು ತೆಗೆಯುತ್ತಿದ್ದ ಸೆಸಾ ಗೋವಾ ಕಂಪನಿಯ ಶೇ. 51 ಪಾಲು 2007ರವರೆಗೆ ಮಿತ್ಸುಯಿಯದ್ದೇ. ಆಮೇಲೆ ವೇದಾಂತಕ್ಕೆ ಮಾರಿದರು. ಕಮಿಷನ್ ಎಣಿಸಿಕೊಂಡು ಎದ್ದು ಹೋಗುವ ದಲ್ಲಾಳಿ ಇಷ್ಟು ಕಾಲ ತನ್ನ ದುಡ್ಡನ್ನು ಮಣ್ಣಿನಲ್ಲಿ ಹಾಕಿಡುವುದಿಲ್ಲ.

ಹಾಕಿದ ದುಡ್ಡು ಮುಳುಗುವುದೂ ಉಂಟು. ಇರಾನಿನ ಬಂದರ್ ಖೊಮೇನಿಯಲ್ಲಿ ಇವರು ದುಡ್ಡು ಹಾಕಿದ್ದ ಪೆಟ್ರೋಕೆಮಿಕಲ್ ಕಾರ್ಖಾನೆಯ ಕೆಲಸ ಮುಕ್ಕಾಲಿಗಿಂತ ಜಾಸ್ತಿ ಮುಗಿದಿತ್ತು. 1979ರಲ್ಲಿ ಕ್ರಾಂತಿಯಾಯಿತು. ಮರುವರ್ಷ ಇರಾಕಿನ ವಿಮಾನಗಳು ಬಾಂಬ್ ಹಾಕಿದವು. ಕೊನೆಗೆ ಅದನ್ನು ಕೈಬಿಡಬೇಕಾಯಿತು. 2016ರ ಮಾರ್ಚ್‌ಗೆ ಮುಗಿದ ವರ್ಷವಂತೂ ತೈಲ, ಲೋಹಗಳ ಬೆಲೆ ಕುಸಿದು ಇಡೀ ಕಂಪನಿಯೇ ನಷ್ಟ ತೋರಿಸಿತು.

ಆದರೆ ನಾನು ಒತ್ತಿ ಹೇಳಬೇಕಾದ್ದು ಮಿಯಿಕೆ ಬಗ್ಗೆ. ಮಿತ್ಸುಯಿ ಬಳಗ 1888ರಲ್ಲಿ ಜಪಾನ್ ಸರ್ಕಾರದಿಂದ ಕೊಂಡ ಕಲ್ಲಿದ್ದಲು ಗಣಿ ಅದು. ಅಲ್ಲಿ ಜೈಲಿನ ಕೈದಿಗಳಿಂದ ಅಗೆಸಿದರು. ಯುದ್ಧಕಾಲದಲ್ಲಿ ಕೊರಿಯಾ, ಚೀನಾದ ಜನರನ್ನು ಬಲವಂತವಾಗಿ ದುಡಿಸಿಕೊಂಡರು. 1963ರ ಸ್ಫೋಟದಲ್ಲಿ 458 ಕಾರ್ಮಿಕರು ಸತ್ತರು. ಟೋಕಿಯೋದ ಟೇಬಲ್ ಮೇಲೆ ಇವೆಲ್ಲ ಟನ್ನುಗಳ ಲೆಕ್ಕವಾಗಿ ಕಾಣುತ್ತವೆ. ನಿನ್ನ ಮುಂದೆ ಬರುವ ಪ್ರತಿ ಫೈಲಿನಲ್ಲೂ ಅಗೆಯುವವರು ಯಾರು, ಅವರಿಗೆ ಕೂಲಿ ಎಷ್ಟು ಎಂದು ಕೇಳು. ಹೊಸಬಳು ಅಂತ ಸುಮ್ನೆ ಇರಬೇಡ.

ಯಾವ ವಿಭಾಗ ಕೊಟ್ಟರೂ ಮೊದಲ ಅವಕಾಶಕ್ಕೇ ಗಣಿಗೋ ಬಂದರಿಗೋ ಹೋಗಿ ಬಾ. ಜಪಾನಿ ಕಲಿಯಲು ಈಗಲೇ ಶುರು ಮಾಡು. ನಿಮ್ಮಮ್ಮನಿಗೆ ವಾರಕ್ಕೊಮ್ಮೆಯಾದರೂ ಫೋನ್ ಮಾಡು.

ನಿನ್ನ
ದೊಡ್ಡಪ್ಪ